ನೆಲದಲ್ಲಿ ಹೂತ ಗಡಿಗೆ: ಸುಡಾನಿನ ಕವಲ್, ಒಂದು ಪ್ರಕರಣ ಅಧ್ಯಯನ

ಆಟಿ ತಿಂಗಳಲ್ಲಿ ನಮ್ಮ ಕರಾವಳಿ ಕಡೆ ರಸ್ತೆ ಬದಿ, ಖಾಲಿ ಸೈಟು, ತೋಟದ ಅಂಚು ಎಲ್ಲೆಲ್ಲೂ ಚಗಟೆ ಸೊಪ್ಪು ಏಳುತ್ತದೆ. ತುಳುವಿನಲ್ಲಿ ತಜಂಕ್. ಯಾರೂ ಬಿತ್ತಿದ್ದಲ್ಲ. ಎಳೆಯದಿದ್ದಾಗ ಕಿತ್ತು ಪಲ್ಯ, ಅಂಬಡೆ ಮಾಡುತ್ತಾರೆ. ಬಲಿತು ಕಾಯಿ ಬಿಡುವ ಹೊತ್ತಿಗೆ ಅದನ್ನು ಯಾರೂ ತಿರುಗಿಯೂ ನೋಡುವುದಿಲ್ಲ, ಬರೀ ಕಳೆ.

ಇದರ ದಾಯಾದಿ ಅನ್ನಬಹುದಾದ ಗಿಡ ಒಂದು ಸುಡಾನಿನ ಪಶ್ಚಿಮಕ್ಕೆ, ದಾರ್ಫುರ್ ಸೀಮೆಯಲ್ಲಿ ಬೆಳೆಯುತ್ತದೆ. ಹೆಸರು ಸೆನ್ನಾ ಒಬ್ಟುಸಿಫೋಲಿಯಾ. ನಮ್ಮದು ಸೆನ್ನಾ ಟೋರಾ. ಎಷ್ಟು ಹತ್ತಿರದ ನೆಂಟಸ್ತನ ಅಂದರೆ ಸಸ್ಯ ಬಲ್ಲವರೇ ಬಹಳ ಕಾಲ ಎರಡನ್ನೂ ಒಂದೇ ಅಂತ ಬರೆದಿದ್ದರು. ಆದರೆ ಅಲ್ಲಿ ಲೆಕ್ಕ ತಿರುಗಾಮುರುಗಾ. ಎಳೆಯದನ್ನು ಬಿಟ್ಟು ಗಿಡ ಬಲಿಯಲಿ ಅಂತ ಮಳೆಗಾಲದ ಕೊನೆವರೆಗೆ ಕಾಯುತ್ತಾರೆ. ಆಮೇಲೆ ಆ ಎಲೆಯನ್ನು ಹುಳಿಸಿ ಒಣಗಿಸಿ, ಸಾರಿಗೆ ಹಾಕುವ ಕವಲ್ ಮಾಡುತ್ತಾರೆ.

ಈ ಬರಹ ಕವಲ್‌ನದು. ಒಂದು ಬಡವರ ಅಡುಗೆ, ಅದನ್ನು ಗಂಭೀರವಾಗಿ ತಗೊಂಡ ಒಬ್ಬ ವಿಜ್ಞಾನಿ, ಆಮೇಲೆ ಆ ದೇಶಕ್ಕೆ ಬಂದ ಯುದ್ಧ. ಅಡುಗೆಯನ್ನು ಉಳಿಸುವುದು ಅಂದರೆ ನಿಜಕ್ಕೂ ಏನು ಮಾಡುವುದು ಅಂತ ನನಗೆ ಈ ಒಂದು ಪ್ರಕರಣದಿಂದ ತಿಳಿದಷ್ಟು ಬೇರೆ ಎಲ್ಲಿಂದಲೂ ತಿಳಿದಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಗಡಿಗೆಯೊಳಗೆ ಏನಾಗುತ್ತದೆ

ಎಲೆಯನ್ನು ಆರಿಸಿ ಒರಳಿಗೆ ಹಾಕಿ ಕುಟ್ಟುತ್ತಾರೆ. ಆದರೆ ರಸ ಸೋರುವಷ್ಟು ಕುಟ್ಟಬಾರದು, ಅಲ್ಲೇ ಕೈಯ ಅಂದಾಜು ಬೇಕಾಗುವುದು. ನೆರಳಿರುವ ತಂಪು ಜಾಗದಲ್ಲಿ ಮಣ್ಣಿನ ಗಡಿಗೆಯೊಂದನ್ನು ಕತ್ತಿನವರೆಗೆ ಹೂತಿರುತ್ತಾರೆ. ಕುಟ್ಟಿದ ಸೊಪ್ಪನ್ನು ಅದಕ್ಕೆ ತುಂಬಿ, ಮೇಲೆ ಜೋಳದ ಹಸಿ ಎಲೆ ಹಾಸಿ, ಎಲೆಯ ಮೇಲೆ ಕಲ್ಲು ಹೇರಿ, ಗಡಿಗೆಯ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಇಟ್ಟು ಮರೆಯುವ ಹಾಗಿಲ್ಲ. ಮೂರು ದಿನಕ್ಕೊಮ್ಮೆ ತೆಗೆದು, ಹಳದಿ ತಿರುಗಿದ ಜೋಳದ ಎಲೆ ಬಿಸಾಕಿ, ಒಳಗಿನದನ್ನು ಕೈ ಹಾಕಿ ಚೆನ್ನಾಗಿ ಕಲಸಿ, ಹೊಸ ಎಲೆ ಹಾಸಿ ಮತ್ತೆ ಮುಚ್ಚಬೇಕು. ಹೀಗೆ ಸುಮಾರು ಎರಡು ವಾರ. ಕೊನೆಗೆ ಸಣ್ಣ ಸಣ್ಣ ಉಂಡೆ ಕಟ್ಟಿ ಬಿಸಿಲಿಗೆ ಹಾಕುತ್ತಾರೆ. ಒಣಗಿದ ಮೇಲೆ ವರ್ಷಗಟ್ಟಲೆ ಇಡಬಹುದು.

ಊಟದ ಹೊತ್ತಿಗೆ ಒಂದು ಉಂಡೆ ಪುಡಿ ಮಾಡಿ ಮುಲಾಹ್‌ಗೆ ಹಾಕುತ್ತಾರೆ. ಮುಲಾಹ್ ಅಂದರೆ ಈರುಳ್ಳಿ, ಒಣಗಿಸಿ ಪುಡಿ ಮಾಡಿದ ಬೆಂಡೆಕಾಯಿ ಇವೆಲ್ಲ ಹಾಕಿದ ಲೋಳೆ ಲೋಳೆ ಸಾರು. ಜೊತೆಗೆ ಅಸೀದಾ. ಅಸೀದಾ ಏನು ಅಂತ ಮುದ್ದೆ ತಿನ್ನುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ಜೋಳದ್ದೋ ಸಜ್ಜೆಯದ್ದೋ ಹಿಟ್ಟು ಕುದಿಸಿ ತೊಳಸಿದ ಗಟ್ಟಿ ಮುದ್ದೆ. ನಡುವೆ ಮುದ್ದೆ, ಸುತ್ತ ಸಾರು, ಮನೆಯವರ ಕೈಯೆಲ್ಲ ಒಂದೇ ತಟ್ಟೆಗೆ.

ಮಾಂಸ ಕೊಳ್ಳಲಾಗದ ಮನೆಯಲ್ಲಿ ಮಾಂಸದ ಜಾಗದಲ್ಲಿ ಕವಲ್. ಇದು ಸುಮ್ನೆ ಬಾಯಿಮಾತಲ್ಲ, ಒಣ ತೂಕದಲ್ಲಿ ಸುಮಾರು ಶೇ. 20ರಷ್ಟು ಪ್ರೋಟೀನ್ ಇದೆ. ಗಡಿಗೆಯೊಳಗೆ ಕೆಲಸ ಮಾಡುವುದು ಮುಖ್ಯವಾಗಿ ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಪ್ರೊಪಿಯೋನಿ ಅನ್ನುವ ಜಾತಿಯ ಬ್ಯಾಕ್ಟೀರಿಯಾ.

ಮತ್ತೆ ವಾಸನೆ. ಹೇಳದೇ ಇರೋಕೆ ಆಗಲ್ಲ. ಕವಲ್ ಉಂಡ ಕೈಯನ್ನು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ಅದಕ್ಕೇ ಖಾರ್ಟೂಮಿನ ಸ್ಥಿತಿವಂತರು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಒಣಮೀನು ಸುಟ್ಟ ದಿನ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡದ್ದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೂಗು ಮುಚ್ಚುವುದು ವಾಸನೆಗೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮುಕ್ಕಾಲು ಪಾಲು ಅದು ಉಣ್ಣುವವರ ಅಂತಸ್ತಿಗೆ ಮುಚ್ಚಿದ ಮೂಗು. ಒಂದು ಅಡುಗೆ ಸಾಯುವುದಕ್ಕೆ ಯುದ್ಧವೇ ಬೇಕಿಲ್ಲ, ಮಕ್ಕಳಿಗೆ ಅದನ್ನು ತಿನ್ನಲು ನಾಚಿಕೆಯಾದರೆ ಸಾಕು.

ಬರೆದಿಟ್ಟವರು

ಹಮೀದ್ ದಿರಾರ್ ಖಾರ್ಟೂಮ್ ವಿಶ್ವವಿದ್ಯಾಲಯದ ಶಂಬಾತ್ ಕೃಷಿ ವಿಭಾಗದಲ್ಲಿ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತಿದ್ದವರು. 1984ರಲ್ಲಿ ಕವಲ್ ಮೇಲೆ ಅವರ ಲೇಖನ ಒಂದು ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬಂತು. ಆ ಹೊತ್ತಿಗೆ ಸುಡಾನಿಗೆ ದೊಡ್ಡ ಬರ ಬಡಿದಿತ್ತು, 1984-85ರ ಆ ಬರದಲ್ಲಿ ಹೆಚ್ಚು ಸುಟ್ಟುಹೋದದ್ದು ದಾರ್ಫುರ್ ಮತ್ತು ಕೊರ್ಡೊಫಾನ್. ದಿರಾರ್ ಕವಲ್‌ಗೆ ನಿಲ್ಲಲಿಲ್ಲ. ಊರೂರು ಸುತ್ತಿ, ಹುಳಿ ಬರಿಸಿ ಮಾಡುವ ಏನೇನು ತಿನಿಸು, ಪಾನೀಯ ಇವೆಯೋ ಎಲ್ಲವನ್ನೂ ಕೇಳುತ್ತಾ ಬರೆದುಕೊಳ್ಳುತ್ತಾ ಹೋದರು. 1993ರಲ್ಲಿ ಅದು 500 ಪುಟ ದಾಟಿದ ಪುಸ್ತಕವಾಗಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 80 ಬಗೆ ಇವೆ. ಒಂದೇ ದೇಶದ, ಅದೂ ಹುಳಿಸಿದ ಅಡುಗೆಗಳು ಮಾತ್ರ!

ನನಗೆ ಅವರ ಕೆಲಸದಲ್ಲಿ ಬಹಳ ಹಿಡಿಸಿದ್ದು ಎರಡು ವಿಷಯ. ಒಂದು, ಈ ವಿದ್ಯೆಯಲ್ಲಿ ನಿಜವಾದ ಪಂಡಿತರು ಯಾರು ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ಸುಡಾನಿನ ಹಳ್ಳಿಗಳ ವಯಸ್ಸಾದ ಹೆಂಗಸರು. ಎರಡು, ಪ್ರಯೋಗಾಲಯದ ವಿಂಗಡಣೆಯ ಜೊತೆಗೆ ಜನರ ವಿಂಗಡಣೆಯನ್ನೂ ಹಾಗೇ ಇಟ್ಟರು. ಹಾಲಿನದ್ದು, ಧಾನ್ಯದ್ದು, ಮಾಂಸದ್ದು ಅಂತ ವಿಂಗಡಿಸುವುದು ವಿಜ್ಞಾನಿಗಳ ರೀತಿ. ಅಲ್ಲಿನ ಹೆಂಗಸರು ಹಾಗೆ ನೋಡುವುದೇ ಇಲ್ಲ. ಅವರಿಗೆ ಕಿಸ್ರಾ ತರದ ಹೊಟ್ಟೆ ತುಂಬಿಸುವ ಮುಖ್ಯ ಊಟ ಒಂದು ಗುಂಪು, ಅದಕ್ಕೆ ನೆಂಚಿಕೊಳ್ಳುವಂಥದ್ದು ಒಂದು ಗುಂಪು, ಮರೀಸಾ ಮುಂತಾದ ಕುಡಿಯುವಂಥದ್ದು ಒಂದು, ಹಬ್ಬಹುಣ್ಣಿಮೆಯದ್ದು ಇನ್ನೊಂದು. ನಾವೂ ಹಾಗೇ ಅಲ್ವಾ? ಇವತ್ತು ಏನು ಮಾಡಿದ್ದೀರಿ ಅಂದರೆ ಅನ್ನ, ಅದಕ್ಕೆ ಇಂಥ ಸಾರು, ಅಂಚಿಗೆ ಇಂಥ ಪಲ್ಯ ಅನ್ನುತ್ತೇವೆ, ಇದು ದ್ವಿದಳ ಅದು ಏಕದಳ ಅನ್ನುವುದಿಲ್ಲ.

ಅವರ ಪಟ್ಟಿ ಓದುತ್ತಾ ಹೋದರೆ ಒಂದು ದೇಶ ಹಸಿವಿನ ಜೊತೆ ಹೇಗೆ ಬದುಕು ಕಟ್ಟಿಕೊಂಡಿದೆ ಅಂತ ಕಾಣುತ್ತದೆ. ಮೂಳೆ ಜಜ್ಜಿ ಹುಳಿಸಿದ ದೋದೆರಿ. ಎಳ್ಳೆಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ಮಾಡುವ ಸಿಗ್ದಾ. ನಮ್ಮ ಪುಂಡಿಯ ಜಾತಿಯ ಕರ್ಕಡೆ ಗಿಡದ ಬೀಜದಿಂದ ಫುರುಂದು. ಉತ್ತರದ ನೂಬಿಯಾದವರ ತರ್ಕೀನ್, ನೈಲ್ ನದಿಯ ಮೀನನ್ನು ಹುಳಿಸಿ ಮಾಡುವ ಗೊಜ್ಜು. ಬೇರೆಯವರು ಎಸೆಯುವುದನ್ನೇ ಹುಳಿಸಿ ಒಣಗಿಸಿ ಬರಗಾಲಕ್ಕೆ ಎತ್ತಿಟ್ಟರು. ಈ ವಿದ್ಯೆಯ ಬಹುಪಾಲು ಕೊರತೆಯಿಂದಲೇ ಹುಟ್ಟಿದ್ದು ಅಂತ ದಿರಾರ್ ವಾದಿಸಿದರು.

ಇನ್ನೊಂದು ಮಾತನ್ನು ಬಿಡಬಾರದು. 1983ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ನಿಮೇರಿ ಷರಿಯಾ ಕಾನೂನು ತಂದರು. ಜೋಳದಿಂದ ಮಾಡುವ ಮರೀಸಾ ಅನ್ನುವ ಬಿಯರ್ ಅಪರಾಧವಾಯಿತು. ಅದನ್ನು ಮಾಡಿ ಮಾರಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರಿಗೆ ಛಡಿ ಏಟು, ಜೈಲು. ಇಂಥ ಕಾಲದಲ್ಲೇ ದಿರಾರ್ ಆ ಜಾತಿಯ ಸುಮಾರು 30 ಪಾನೀಯಗಳನ್ನು ದಾಖಲಿಸಿದರು. ಕುಡಿಯುವುದು ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಮೊಳಕೆ ಕಟ್ಟುವುದು, ಹುಳಿ ಬರಿಸುವುದು, ಸೋಸುವುದು, ಇಷ್ಟು ಸೂಕ್ಷ್ಮವಾದ ಕೆಲಸ ಬರೀ ಕಾನೂನಿನ ಭಯಕ್ಕೆ ಬಾಯಿ ಮುಚ್ಚಿ ಹೋಗಬಾರದಿತ್ತು, ಹೋಗಲಿಲ್ಲ.

ಕಾಗದಕ್ಕೆ ಸಿಗದ್ದು

ಆದರೂ ಕೆಲಸ ಅರ್ಧವೇ ಆಗಿದೆ ಅಂತ ನನ್ನ ಅಭಿಪ್ರಾಯ. ಪುಸ್ತಕ ಇಂಗ್ಲಿಷಿನಲ್ಲಿದೆ, ದಪ್ಪ, ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಕೂತಿದೆ. ಹೇಳಿಕೊಟ್ಟ ಅಜ್ಜಿಯ ಮೊಮ್ಮಗಳ ಕೈಗೆ ಅದು ಸಲೀಸಾಗಿ ಸಿಗುವುದಿಲ್ಲ.

ಎರಡನೆಯದು ಕೈಯ ವಿಷಯ. ವಿಜಯಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಅವ್ವನ ಹತ್ತಿರ ರೊಟ್ಟಿ ಕಲಿಯಲು ಕೂತಿದ್ದೆ. ಕುದಿಯುವ ನೀರು ಎಷ್ಟು ಹಾಕಬೇಕು ಅಂತ ಅಳತೆ ಕೇಳಿದೆ, ನಾನು ಲೋಟ ಹಿಡಿದೇ ಕೂತಿದ್ದೆ. ಅವ್ವ ನನ್ನ ಕೈ ಹಿಡಿದು ಹಿಟ್ಟಿನ ಮೇಲೆ ಒತ್ತಿ, "ಇಷ್ಟು ಮೆತ್ತಗಾಗಬೇಕ ನೋಡವಾ, ಹಿಟ್ಟ ಹಳೇದಿದ್ರ ನೀರ ಬ್ಯಾರೆ ಕುಡೀತೈತಿ" ಅಂದರು. ಎರಡು ವಾರ ಬೇಕಾಯಿತು, ಮೊದಲ ರೊಟ್ಟಿ ಒಡೆಯದೆ ತವೆಗೆ ಹೋಗಲು. ಕವಲ್ ಕಲಸುವ ಕೈ ಕೂಡ ಇಂಥದ್ದೇ. ಮೂರು ದಿನಕ್ಕೊಮ್ಮೆ ಗಡಿಗೆ ತೆಗೆದಾಗ ವಾಸನೆ ನೋಡಿ, ಬಿಸಿ ನೋಡಿ, ಇವತ್ತು ಸರಿಯಿದೆ ಅಥವಾ ಕೆಡುತ್ತಿದೆ ಅಂತ ಹೇಳುವುದು ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆ.

ರೊಟ್ಟಿ ಅಂದ ಮೇಲೆ ಕಿಸ್ರಾ ಬಗ್ಗೆ ಹೇಳಲೇಬೇಕು. ಹಿಟ್ಟು ನಮ್ಮ ರೊಟ್ಟಿಯದು, ದಾರಿ ದೋಸೆಯದು. ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ, ಹಿಂದಿನ ಸಲದ ಹಿಟ್ಟು ಸ್ವಲ್ಪ ಉಳಿದಿರುವ ಪಾತ್ರೆಯಲ್ಲೇ ಹುಳಿ ಬರಲು ಬಿಡುತ್ತಾರೆ. ಸಾಜ್ ಅನ್ನುವ ಕಾದ ಕಾವಲಿಯ ಮೇಲೆ ಒಂದು ಸೌಟು ಸುರಿದು, ಗರ್ಗರೀಬಾ ಅನ್ನುವ ತಾಳೆ ಜಾತಿಯ ಗರಿಯ ತುಂಡಿನಿಂದ ಸರ್ರನೆ ಎಳೆಯುತ್ತಾರೆ. ಕಾಗದದಷ್ಟು ತೆಳು, ಒಂದು ನಿಮಿಷದೊಳಗೆ ಬೆಂದು ಏಳುತ್ತದೆ. ಪಟ್ಟಣಗಳಲ್ಲಿ ಇದರ ಜಾಗವನ್ನು ಗೋಧಿ ಬ್ರೆಡ್ಡು ತಿಂದುಹಾಕಿತು. ಹೊರಗಿನಿಂದ ಬಂದ ಗೋಧಿ, ಅದಕ್ಕೆ ಸರ್ಕಾರದ ಸಬ್ಸಿಡಿ, ಮನೆಯಲ್ಲಿ ಹಿಟ್ಟು ಹುಳಿಸಲು ಪುರುಸೊತ್ತಿಲ್ಲ. ಕೊನೆಗೆ ಬ್ರೆಡ್ಡಿನ ಬೆಲೆ 1 ಸುಡಾನಿ ಪೌಂಡಿನಿಂದ 3 ಪೌಂಡಿಗೆ ಏರಿದಾಗ, 2018ರ ಡಿಸೆಂಬರ್ 19ರಂದು ಅತ್ಬರಾ ಊರಿನಲ್ಲಿ ಜನ ಬೀದಿಗಿಳಿದರು, ನಾಲ್ಕು ತಿಂಗಳಲ್ಲಿ ಅಧ್ಯಕ್ಷ ಬಷೀರ್ ಅವರ 30 ವರ್ಷದ ಆಳ್ವಿಕೆ ಬಿದ್ದುಹೋಯಿತು. ಜೋಳದ ತವರು ಗೋಧಿಗೆ ಹೀಗೆ ಸಿಕ್ಕಿಬಿದ್ದದ್ದು ನನಗೆ ಬಹಳ ನೋವಿನ ಸಂಗತಿ.

ತವರು ಅಂದದ್ದು ಅಲಂಕಾರಕ್ಕಲ್ಲ. ಪೂರ್ವ ಸುಡಾನಿನ ಕಸ್ಸಲಾ ಬಳಿ ಸಿಕ್ಕಿದ, 5 ಸಾವಿರ ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಉಳಿದಿದೆ. ಮಡಕೆ ಮಾಡುವವರು ಮಣ್ಣಿಗೆ ಹೊಟ್ಟು ಕಲಸಿದ್ದರು, ಸುಟ್ಟಾಗ ಹೊಟ್ಟು ಉರಿದು ಗುರುತು ನಿಂತಿತು. ಆ ಗುರುತು ನೋಡಿ ಅದು ಕಾಡುಜೋಳದಿಂದ ಊರಜೋಳವಾಗುತ್ತಿದ್ದ ಕಾಲ ಅಂತ 2017ರಲ್ಲಿ ಪುರಾತತ್ವದವರು ತೋರಿಸಿದರು. ಅಲ್ಲಿಂದ ಹೊರಟ ಜೋಳವೇ ಸುಮಾರು 4 ಸಾವಿರ ವರ್ಷದ ಹಿಂದೆ ನಮ್ಮ ಕಡೆ ಬಂತು. ಅವ್ವನ ರೊಟ್ಟಿಗೂ ಕಿಸ್ರಾಕ್ಕೂ ಒಂದೇ ಹಿರೀಕರು.

ಯುದ್ಧ ಬಂದ ಮೇಲೆ

2023ರ ಏಪ್ರಿಲ್ 15ಕ್ಕೆ ಸೇನೆಗೂ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ನಮ್ಮಲ್ಲಿ ಬಹಳ ಜನ ಸುಡಾನಿನ ಹೆಸರನ್ನು ಗಮನಕೊಟ್ಟು ಕೇಳಿದ್ದು ಆಗಲೇ, ಯಾಕೆಂದರೆ ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಹೋದವರು. ಮೊದಲು 31 ಜನ ಅಂತ ಸುದ್ದಿ ಬಂತು. ಭಾರತ ಸರ್ಕಾರ ತನ್ನವರನ್ನು ಕರೆತರಲು ನಡೆಸಿದ ಆಪರೇಷನ್ ಕಾವೇರಿಯಲ್ಲಿ ವಾಪಸು ಬಂದರು, ನಮ್ಮ ಟಿವಿ ಮುಂದಿನ ಸುದ್ದಿಗೆ ಹೋಯಿತು. ಅವರಲ್ಲಿ ಹಲವರು ಸಿಕ್ಕಿಕೊಂಡಿದ್ದ ಊರು ದಾರ್ಫುರ್‌ನ ಎಲ್ ಫಾಶರ್. ಆ ಊರಿನವರಿಗೆ ಯಾವ ವಿಮಾನವೂ ಬರಲಿಲ್ಲ.

2024ರ ಮೇ ತಿಂಗಳಿಂದ ಎಲ್ ಫಾಶರ್‌ಗೆ ಆರ್‌ಎಸ್‌ಎಫ್ ಮುತ್ತಿಗೆ. 500 ದಿನ ದಾಟಿತು. ಪಕ್ಕದಲ್ಲಿ, ಊರು ಬಿಟ್ಟು ಬಂದವರಿದ್ದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ಅದೇ ವರ್ಷ ಆಗಸ್ಟಿನಲ್ಲಿ ಅಧಿಕೃತವಾಗಿ ಘೋಷಿಸಿದರು. ಊರೊಳಗಿನ ಜನ ಅಂಬಾಜ್ ತಿಂದರು. ಅಂಬಾಜ್ ಅಂದರೆ ಗಾಣದಿಂದ ಬರುವ ಕಡಲೆಕಾಯಿ ಹಿಂಡಿ, ದನಕ್ಕೆ ಹಾಕುವಂಥದ್ದು. 2025ರ ಅಕ್ಟೋಬರ್ 26ಕ್ಕೆ ಊರು ಆರ್‌ಎಸ್‌ಎಫ್ ಕೈಗೆ ಬಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಹಿಂಡಿಯಿಂದ ಸಿಗ್ದಾ ಮಾಡುವ ವಿದ್ಯೆ ಬೇರೆ, ಮುತ್ತಿಗೆಯಲ್ಲಿ ಮಗುವಿಗೆ ದನದ ಹಿಂಡಿ ನೆನೆಸಿ ತಿನ್ನಿಸುವುದು ಬೇರೆ. ಮೊದಲನೆಯದರಲ್ಲಿ ಸಮಯ ಇದೆ, ಗಡಿಗೆ ಇದೆ, ಹೇಳಿಕೊಡುವ ಅಜ್ಜಿ ಇದ್ದಾಳೆ. ಎರಡನೆಯದು ಬೇಕಂತಲೇ ಹಸಿವಿಗೆ ತಳ್ಳಿದ್ದು. ಜನ ಎಷ್ಟು ಗಟ್ಟಿ, ಏನು ಸಿಕ್ಕರೂ ಬದುಕುತ್ತಾರೆ ಅಂತ ಇದನ್ನೂ ಪರಂಪರೆಯ ಲೆಕ್ಕಕ್ಕೆ ಸೇರಿಸಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಯುದ್ಧದ ನಡುವೆ ಊಟ ಹಾಕಿದ್ದು ತಕಾಯಾಗಳು, ಅಂದರೆ ಬೀದಿಯವರೇ ಸೇರಿ ನಡೆಸುವ ಸಾಮೂಹಿಕ ಅಡುಗೆಮನೆ. ಸೂಫಿ ಮಠಗಳಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಿದ್ದ ಹಳೇ ಪದ್ಧತಿಯ ಹೆಸರೇ ಅದಕ್ಕೆ ಬಂದದ್ದು. ದೊಡ್ಡ ಹಂಡೆಯಲ್ಲಿ ಫೂಲ್ ಅನ್ನುವ ಅವರ ಕಾಳು, ಬೇಳೆ, ಅಸೀದಾ. ಇವನ್ನು ಬಹಳ ಕಡೆ ನಡೆಸಿದ್ದು ತುರ್ತು ಸ್ಪಂದನ ಕೋಣೆಗಳು ಅಂತ ಹೆಸರಿಟ್ಟುಕೊಂಡ ಯುವಕ ಯುವತಿಯರ ಗುಂಪುಗಳು, ಅವರಿಗೆ 2025ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಮೊದಲಿಗೆ ಅಮೆರಿಕದ ನೆರವು ನಿಂತಾಗ ನೂರಾರು ಅಡುಗೆಮನೆಗಳ ಒಲೆ ಆರಿದ್ದೂ ನಿಜ.

ಇನ್ನು ಬೀಜದ ಕಥೆ. ಸುಡಾನಿನ ರಾಷ್ಟ್ರೀಯ ಬೀಜ ಸಂಗ್ರಹ ಗೆಜಿರಾ ಪ್ರಾಂತದ ವಾದ್ ಮದನಿ ಊರಿನಲ್ಲಿತ್ತು. ಜೋಳ, ಸಜ್ಜೆ, ಎಳ್ಳು, ಬೆಂಡೆ ಎಲ್ಲ ಸೇರಿ 15 ಸಾವಿರಕ್ಕೂ ಹೆಚ್ಚು ಮಾದರಿ. ಯಾವುದೋ ಹಳ್ಳಿಯ ಯಾವುದೋ ಹೊಲದಿಂದ ತಂದ, ಆ ಊರಿನ ಕಿಸ್ರಾಕ್ಕೆ ಇದೇ ಸರಿ ಅಂತ ಜನ ತಲೆತಲಾಂತರ ಆರಿಸಿಟ್ಟ ಬೀಜ. 2023ರ ಡಿಸೆಂಬರಿನಲ್ಲಿ ಆರ್‌ಎಸ್‌ಎಫ್ ಆ ಊರು ಹಿಡಿಯಿತು. ಸಂಗ್ರಹಾಲಯ ಲೂಟಿಯಾಯಿತು. ಫ್ರೀಜರುಗಳನ್ನು ಹೊತ್ತೊಯ್ದರು, ಒಳಗಿದ್ದ ಬೀಜ ನೆಲದ ಪಾಲಾಯಿತು. ಲೂಟಿ ಮಾಡುವವನ ಕಣ್ಣಿಗೆ ಬೆಲೆ ಇದ್ದದ್ದು ಫ್ರೀಜರಿಗೆ. 2025ರ ಜನವರಿಯಲ್ಲಿ ಸೇನೆ ವಾದ್ ಮದನಿಯನ್ನು ವಾಪಸು ತಗೊಂಡಿತು.

ಎಲ್ಲ ಹೋಗಲಿಲ್ಲ, ಯಾಕೆಂದರೆ ಎಲ್ಲವೂ ಒಂದೇ ಕಡೆ ಇರಲಿಲ್ಲ. ಸುಡಾನಿನ ಜೋಳದ ಎಷ್ಟೋ ತಳಿ ನಮ್ಮ ಪಕ್ಕದ ಹೈದರಾಬಾದಿನ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ಸಂಗ್ರಹದಲ್ಲೂ ಇವೆ. ಈ ನಂಟು ಹಳೆಯದು: 1983ರಲ್ಲಿ ಸುಡಾನಿಗೆ ಬಿಡುಗಡೆಯಾದ ಮೊದಲ ಹೈಬ್ರಿಡ್ ಜೋಳ ಹಜೀನ್ ದುರಾ-1 ಅನ್ನು ರೂಪಿಸಿದ ಗೆಬಿಸಾ ಎಜೆಟಾ ಆಗ ಇಕ್ರಿಸ್ಯಾಟ್ ಪರವಾಗಿ ಅಲ್ಲಿ ಕೆಲಸ ಮಾಡುತ್ತಿದ್ದರು.

ಈಗ ಯಾರ ಕೈಯಲ್ಲಿದೆ

ಕೈರೋ ಪಕ್ಕದ ಗಿಜಾದ ಫೈಸಲ್ ಬಡಾವಣೆಯಲ್ಲಿ ಈಗ ಸುಡಾನಿ ಹೋಟೆಲು, ಸುಡಾನಿ ಕಿರಾಣಿ ಸಾಲಾಗಿವೆ. ಊರು ಬಿಟ್ಟು ಬಂದವರು ಬದುಕಲು ಮೊದಲು ಕೈಗೆತ್ತಿಕೊಂಡದ್ದು ಒಲೆಯನ್ನೇ. ನನ್ನ ಕಣ್ಣಿಗೆ ಇದು ಯಾವ ಪುಸ್ತಕಕ್ಕೂ ಕಡಿಮೆಯ ಕೆಲಸವಲ್ಲ.

ರಂಜಾನಿಗೆ ಮಾಡುವ ಹಿಲು ಮುರ್ ನೋಡಿ. ಹೆಸರಿನ ಅರ್ಥ ಸಿಹಿ ಕಹಿ. ಜೋಳ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಮಸಾಲೆ ಹಾಕಿ ಹುಳಿಸಿ, ಕಂದು ಬಣ್ಣದ ತೆಳು ಹಾಳೆಯಾಗಿ ಬೇಯಿಸಿ ಒಣಗಿಸಿಡುತ್ತಾರೆ. ರಂಜಾನಿಗೆ ಮುಂಚೆ ಓಣಿಯ ಹೆಂಗಸರೆಲ್ಲ ಸೇರಿ ಮಾಡುವ ಕೆಲಸ, ಓಣಿ ತುಂಬ ಅದರದೇ ಘಮ. ಉಪವಾಸ ಬಿಡುವಾಗ ನೀರಲ್ಲಿ ನೆನೆಸಿ, ಸೋಸಿ, ಸಕ್ಕರೆ ಹಾಕಿ ಕುಡಿಯುವುದು. ಹಗುರ, ಕೆಡುವುದಿಲ್ಲ. ಹಾಗಾಗಿ ಪರದೇಶದಲ್ಲಿರುವ ಮಗನಿಗೆ, ಮಗಳಿಗೆ ಅದನ್ನು ಕಟ್ಟಿ ಕಳಿಸುವುದು ಯುದ್ಧಕ್ಕೆ ಬಹಳ ಹಿಂದಿನಿಂದಲೂ ಇರುವ ರೂಢಿ. ಕವಲ್ ಉಂಡೆಯೂ ಅಷ್ಟೇ, ಒಂದು ಸೆರಗಿನ ಗಂಟಿನಲ್ಲಿ ಹೋಗುತ್ತದೆ. ಬರ, ವಲಸೆ ಕಂಡ ಜನ ತಮ್ಮ ಅಡುಗೆಯನ್ನೇ ಹೊತ್ತುಕೊಂಡು ಹೋಗಲು ಆಗುವ ಹಾಗೆ ಕಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ಈಗ ಆಗಬೇಕಾದದ್ದನ್ನು ನನ್ನನ್ನು ಕೇಳಿದರೆ, ದಿರಾರ್ ಸಂಗ್ರಹಿಸಿದ್ದು ಮೊದಲು ಅರಬ್ಬಿಯಲ್ಲಿ, ಹಣ ಕೊಡದೆ ಫೋನಿನಲ್ಲಿ ಓದುವ ಹಾಗೆ ಸಿಗಬೇಕು. ನೆರೆಯ ಚಾಡ್ ದೇಶದ ಅದ್ರೆಯ ನಿರಾಶ್ರಿತರ ಶಿಬಿರಗಳಲ್ಲಿ, ಕೈರೋದ ಬಾಡಿಗೆ ಮನೆಗಳಲ್ಲಿ ಇರುವ ಹೆಂಗಸರನ್ನು ಅವರ ಫುರ್, ಮಸಾಲಿತ್, ನೂಬಿ ಮಾತಲ್ಲೇ ಕೇಳಿ ರೆಕಾರ್ಡ್ ಮಾಡಬೇಕು. ಅವರು ಒಪ್ಪಿದರೆ ಅವರ ಹೆಸರು ಹಾಕಬೇಕು, ದುಡ್ಡು ಬಂದರೆ ಅವರಿಗೆ ಪಾಲು ಕೊಡಬೇಕು. ತಡ ಮಾಡುವ ಹಾಗಿಲ್ಲ, 1980ರ ದಶಕದಲ್ಲಿ ಹೇಳಿಕೊಟ್ಟ ಅಜ್ಜಿಯರು ಈಗ ಇಲ್ಲ, ಅವರ ಹೆಣ್ಣುಮಕ್ಕಳೇ ಈಗ ಅಜ್ಜಿಯರು.

2025ರ ಫೆಬ್ರುವರಿಯಲ್ಲಿ ಸುಡಾನಿನಿಂದ 15 ಜಾತಿಯ ಬೆಳೆಗಳ ಬೀಜ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹೆಪ್ಪುಗಟ್ಟಿದ ಬೆಟ್ಟದೊಳಗಿನ ಬೀಜ ಸಂಗ್ರಹಕ್ಕೆ ಹೋಯಿತು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಅಲ್ಲಿನ ವಿಜ್ಞಾನಿಗಳು ಅದನ್ನು ಆರಿಸಿ, ಪೊಟ್ಟಣ ಕಟ್ಟಿ ಕಳಿಸಿದರು. ಚಗಟೆಯ ದಾಯಾದಿಗೆ ಇಂಥ ಉಪಚಾರವೇ ಬೇಕಿಲ್ಲ, ಮಳೆ ಬಿದ್ದರೆ ದಾರ್ಫುರ್‌ನಲ್ಲಿ ತಾನೇ ಏಳುತ್ತದೆ. ಪೆಟ್ಟಿಗೆಯಲ್ಲಿ ಹೋದದ್ದರಲ್ಲಿ ಜೋಳದ ತಳಿಗಳಿವೆ. ಗಡಿಗೆಯ ಬಾಯಿಗೆ ಹಾಸಲು, ಮೂರು ದಿನಕ್ಕೊಮ್ಮೆ ಹೊಸದಾಗಿ ಬೇಕಾಗುವುದು ಅದರದೇ ಹಸಿ ಎಲೆ.